ಬಂಡೆಗೆ ಬಳಿದ ಸುಣ್ಣ

ಮಸ್ಕಿ,
೮ ಜನವರಿ ೧೯೨೦

ನನ್ನ ತುಂಗಾ,

ನಿನ್ನ ಕಾಗದ ಶನಿವಾರ ಬಂತು. ನಿನ್ನ ಶಾಲೆಯ ಹನ್ನೊಂದು ಜನ ಹುಡುಗಿಯರು, ನೀನು, ಮೇಲೆ ನಿಮ್ಮ ಹಿರಿಯ ಪಂಡಿತರು, ಎಲ್ಲ ನಮ್ಮ ಊರಿಗೆ! ಓದುತ್ತ ಓದುತ್ತ ಅಡುಗೆಮನೆಯಿಂದ ಅಂಗಳಕ್ಕೆ ಬಂದುಬಿಟ್ಟಿದ್ದೆ. ಸೊಂಟದ ಮೇಲಿದ್ದ ಮಗು ಕಾಗದದ ಒಂದು ಮೂಲೆ ತಿಂದಿತು. ಪುಣ್ಯಕ್ಕೆ ತಾರೀಖು ಇನ್ನೊಂದು ಮೂಲೆಯಲ್ಲಿತ್ತು. ಉತ್ತರ ಐದು ದಿನ ತಡವಾಯಿತು ಎಂದು ಸಿಟ್ಟಾಗಬೇಡ, ಕಾರಣ ಮುಂದೆ ಹೇಳುತ್ತೇನೆ.

ಜ್ವರ ನಿಜವಾಗಿಯೂ ಹೋಗಿದೆಯೇ, ಸುಳ್ಳು ಬರೆಯಬೇಡ ಎಂದು ಕೇಳಿದ್ದೀ. ಹೋಗಿದೆ. ನಮ್ಮವರು ಬೊಂಬಾಯಿ ಜ್ವರ ಎಂದು ಕರೆದ ಆ ಮಾರಿ ನಮ್ಮ ಅತ್ತೆಯವರನ್ನು ಕರೆದುಕೊಂಡು ಹೋಗಿ ಹದಿನಾಲ್ಕು ತಿಂಗಳಾಯಿತು. ಆಮೇಲೆ ಊರಲ್ಲಿ ಯಾರಿಗೂ ಬಂದಿಲ್ಲ. ಮಗುವಿನ ಹಣೆ ಮುಟ್ಟಿ ಹೇಳುತ್ತಿದ್ದೇನೆ. ದಿನಕ್ಕೆ ನಲವತ್ತು ಸಲ ಹೇಗೂ ಮುಟ್ಟಿ ನೋಡುತ್ತೇನೆ, ಇದು ನಲವತ್ತೊಂದನೆಯದು. ನಿದ್ದೆಯ ಮಾತು ಕೇಳಬೇಡ.

ಜ್ವರ ಹೋದರೂ ಜನ ಬರಲಿಲ್ಲ ತುಂಗಾ. ಐದು ವರ್ಷದ ಹಿಂದೆ ನಮ್ಮ ಗುಡ್ಡದ ಬಂಡೆಯ ಮೇಲೆ ಅಶೋಕನ ಬರಹ ಸಿಕ್ಕಾಗ ಮೂರು ಚಳಿಗಾಲ ಎಲ್ಲೆಲ್ಲಿಂದಲೋ ಬಂದರು. ಬಂದವರನ್ನು ಸಿಂಧನೂರಿನ ಇಮಾಮ್‌ಸಾಬ್ ಕಮಾನು ಬಂಡಿಯಲ್ಲಿ ಕರೆತರುತ್ತಿದ್ದ. ಇಲ್ಲಿ ಮುಸಾಫಿರಖಾನೆಯಲ್ಲಿ ಶಂಶಾದ್‌ಬೀ ಅಡುಗೆ ಮಾಡಿ ಬಡಿಸುತ್ತಿದ್ದಳು. ಈಗ ಮಸ್ಕಿ ಎಂದರೆ ಹೊರಗಿನವರಿಗೆ ಜ್ವರದ ಊರು. ನೀವು ಬಂದು, ನೋಡಿ, ನಗುತ್ತ ತಿರುಗಿ ಹೋದರೆ ಉಳಿದವರ ಅಂಜಿಕೆಯೂ ಬಿಡುತ್ತದೆ. ಅದಕ್ಕೇ ಊರಿಗೆ ಊರೇ ನಿಮ್ಮ ದಾರಿ ಕಾಯುತ್ತಿದೆ.

ಇಮಾಮ್‌ಸಾಬ್ ಮೂರು ಬಂಡಿ ಕಟ್ಟಿಕೊಂಡು ಕೊಪ್ಪಳದ ರೈಲು ಠಾಣೆಗೇ ಬರುತ್ತಾನೆ. ಮೊನ್ನೆ ಬಂದು ಹೇಳಿದ: “ಎತ್ತಿಗೆ ಸವಾರಿ ಮರ್ತೈತೇನೋ ಅಂತ ಗೊರೇಬಾಳದ ತನಕ ಖಾಲಿ ಬಂಡಿ ಹೊಡ್ಕೊಂಡು ಹೋಗಿ ಬಂದೀನ್ರಿ. ಎತ್ತು ಮರ್ತಿಲ್ಲ, ನಾನ ಹಾಡು ಮರ್ತೀನಿ.” ನಿಮ್ಮ ಪಂಡಿತರಿಗೆ ಅಡುಗೆ ನಮ್ಮ ಮನೆಯಲ್ಲಿ ಎಂದಾಗ ಶಂಶಾದ್‌ಬೀ ಸೊಂಟದ ಮೇಲೆ ಕೈ ಇಟ್ಟುಕೊಂಡು ಅಂದಳು: “ಉಣ್ಣೋದು ಬ್ಯಾಡ ಬಿಡ್ರಿ. ನನ್ನ ಒಲಿ ಮುಂದ ಹಾದು ಹೋಗ್ಲಿ ಸಾಕು, ವಾಸನಿಗೇನು ಮಡಿ ಮೈಲಿಗಿ ಐತೇನು?” ಬಿಳಿಜೋಳದ ತೆನೆ ಹಾಲು ತುಂಬಿದೆ. ನೀವು ಬರುವ ಹೊತ್ತಿಗೆ ಹೊಲದಲ್ಲೇ ತೆನೆ ಸುಟ್ಟು ಸೀತನಿ ತಿನ್ನೋಣ.

ಇನ್ನು ತಡವಾದ ಕಾರಣ. ಅತಿಥಿಗಳು ಬರುತ್ತಾರೆಂದು ಊರಿಗೆಲ್ಲ ಸುಣ್ಣ ಬಳಿಸಲು ನಿಂತೆವು. ಬಳಿಯುವವನು ನಮ್ಮ ಅಂಬಪ್ಪ. ಜ್ವರದ ವರ್ಷ ಸತ್ತವರ ಮನೆಗೆ ಯಾರೂ ಕಾಲಿಡದಿದ್ದಾಗ ಒಬ್ಬನೇ ಹೋಗಿ, ಸೋಂಕು ಸಾಯಲೆಂದು ಸುಣ್ಣ ಬಳಿದು ಬಂದವನು. ಮಂಗಳವಾರ ಬೆಳಿಗ್ಗೆ, ಮನೆಗೆಲಸದ ಗಾಳೆಮ್ಮ ಏದುಸಿರು ಬಿಡುತ್ತ ಬಂದಳು. “ಅವ್ವಾರ, ನಿಮ್ಮ ಅಕ್ಷರದ ಕಲ್ಲು ನೋಡ ಬರ್ರಿ, ಮದಲಗಿತ್ತಿ ಆಗೈತಿ!”

ಮಗುವನ್ನು ಎತ್ತಿಕೊಂಡು ಗುಡ್ಡಕ್ಕೆ ಓಡಿದೆ. ಬಂಡೆ ಬೆಳ್ಳಗೆ ನಿಂತಿತ್ತು ತುಂಗಾ! ಮೇಲಿನಿಂದ ಕೆಳಗಿನ ತನಕ ಸುಣ್ಣ, ಅಂಚಿಗೆ ಗುಡಿಯ ಗೋಡೆಯಂತೆ ಕೆಮ್ಮಣ್ಣಿನ ಪಟ್ಟೆ. ಒಂದು ಅಕ್ಷರ ಕಾಣಿಸುತ್ತಿಲ್ಲ. ನೀವು ಬರುವುದೇ ಆ ಅಕ್ಷರ ನೋಡಲಿಕ್ಕೆ! ಅಂಬಪ್ಪನ ಪೆದ್ದುತನಕ್ಕೆ ಏನನ್ನೋಣ? ಊರವರು ಅವನನ್ನು ಸುತ್ತುಗಟ್ಟಿ ಬೈದರು. “ಎರಡು ಸಾವಿರ ವರ್ಷ ಮಳಿ ಬಿಸಿಲಿಗೆ ಹೋಗಲಾರದ್ದು ನಿನ್ನ ಕುಂಚಕ್ಕ ಹೋತಲ್ಲೋ!” ಎಂದ ಇಮಾಮ್‌ಸಾಬ್. ಅಂಬಪ್ಪ ತಲೆ ತಗ್ಗಿಸಿ ನಿಂತಿದ್ದ.

ಸುಣ್ಣ ಇನ್ನೂ ಹಸಿಯಾಗಿತ್ತು. ಉಜ್ಜಿದರೆ ಅಕ್ಷರ ಸವೆದಾವು ಎಂಬ ಭಯ. ನನ್ನ ಹಳೆಯ ಸೀರೆ, ಮಗುವಿನ ಮೆತ್ತನೆಯ ದುಪ್ಪಟಿ ಎಲ್ಲ ಹರಿದು ತಂದೆ. ಶಂಶಾದ್‌ಬೀ ದೊಡ್ಡ ಹಂಡೆಯಲ್ಲಿ ನೀರು ಹೊರಿಸಿಕೊಂಡು ಬಂದಳು. ಕೂಸಿನ ಮುಖ ಒರೆಸಿದ ಹಾಗೆ ಒರೆಸಬೇಕು ಎಂದು ನಾನು ಹೇಳಿದ್ದೇ ತಡ, ಹೆಂಗಸರೆಲ್ಲ ಸೇರಿದರು.

ಮಧ್ಯಾಹ್ನದ ಹೊತ್ತಿಗೆ ಏನಾಯಿತು ಗೊತ್ತೇ? ಮೇಲಿನ ಸುಣ್ಣವೆಲ್ಲ ಹೋಯಿತು, ಕೊರೆದ ಗೆರೆಯೊಳಗಿನದು ಮಾತ್ರ ಉಳಿಯಿತು! ಪಾಟಿಯ ಮೇಲೆ ಬಳಪದಿಂದ ಈಗಷ್ಟೇ ಯಾರೋ ಬರೆದಂತೆ ಸಾಲುಸಾಲಾಗಿ ಅಕ್ಷರ. ನಾಲ್ಕು ವರ್ಷದಿಂದ ನನಗೆ ಗೀರಾಗಿ ಕಂಡದ್ದೆಲ್ಲ ಎದ್ದು ಮಾತಾಡುವಂತಿತ್ತು. ನೀನು ಬರೆದು ಕಳಿಸಿದ್ದ ಬ್ರಾಹ್ಮಿ ಅಕ್ಷರಗಳ ಹಾಳೆ ಹಿಡಿದು ಒಂದೊಂದೇ ಹೊಂದಿಸಿದೆ. ಅ, ಸೋ, ಕ, ಸ. ಅಶೋಕನ ಎಂದು ಕೂಗಿಬಿಟ್ಟೆ. ಗಾಳೆಮ್ಮ ಕೇಳಿದಳು, ಇದು ರಾಜನ ಹೆಸರೇ ಎಂದು. ಹೌದೆಂದೆ. “ಇಷ್ಟ ಸಣ್ಣದೇನ್ರಿ? ನಮ್ಮ ಹೈದರಾಬಾದಿನ ನಿಜಾಮ ಹಜರತರ ಹೆಸರು ಓದೋದ್ರಾಗ ಮುಸರಿ ತಿಕ್ಕಿ ಮುಗಸ್ತೀನಿ ನಾನು!” ಎಂದಳು. ನಕ್ಕು ನಕ್ಕು ಗುಡ್ಡವೆಲ್ಲ ಗದ್ದಲ.

ಈ ಊರಲ್ಲಿ ಇಷ್ಟು ನಗು ಕೇಳಿ ಹದಿನಾಲ್ಕು ತಿಂಗಳಾಗಿತ್ತು. ನೀನು ಬೇಗ ಬಾ.

ಕಾಲೇಜಿನ ಹಿಂದಿನ ಬೆಂಚಿನ ನಿನ್ನ
ಜಂಬೂ

ತಾ.ಕ.: ಸಹಿ ಹಾಕಿದೆ, ಆದರೆ ಲಕೋಟೆ ಅಂಟಿಸಲು ಕೈ ಬರಲಿಲ್ಲ. ಬಂಡೆಗೆ ಸುಣ್ಣ ಬಳಿಸಿದವಳು ನಾನೇ. ಬಂದವರ ಕೈ ಎಲ್ಲೆಲ್ಲಿ ತಾಗುತ್ತದೋ ಅಲ್ಲೆಲ್ಲ ಬಳಿ, ಒಂದೂ ಬಿಡಬೇಡ ಎಂದು ಅಂಬಪ್ಪನಿಗೆ ಹೇಳಿದ್ದೆ. ಗುಡ್ಡದ ಕಲ್ಲಿಗೂ ಏನ್ರಿ ಎಂದು ಅವನು ಕೇಳಿದ್ದ. ತೊಟ್ಟಿಲ ಪಕ್ಕದ ಗೋಡೆಗೆ ಮೂರನೆಯ ಸಲ ಬಳಿಸುತ್ತಿದ್ದ ನಾನು ನಿದ್ದೆಗಣ್ಣಲ್ಲಿ ಹೂಂ ಅಂದಿದ್ದೆ. ಊರವರು ಬೈಯುವಾಗ ಸುಮ್ಮನೆ ನಿಂತು ಕೇಳಿದೆ. ಅವನು ನನ್ನ ಕಡೆ ತಿರುಗಿಯೂ ನೋಡಲಿಲ್ಲ.

ಈಗಷ್ಟೇ ಅವನ ಓಣಿಗೆ ಹೋಗಿ ಎಲ್ಲರಿಗೂ ಕೇಳುವಂತೆ ಹೇಳಿ ಬಂದೆ. “ಕೂಸಿನ ತಾಯಿ, ಅಂಜಿ ಅಂದೀರಿ, ಹೊಟ್ಟ್ಯಾಗ ಹಾಕ್ಕೊಂಡಿದ್ದೆ ಬಿಡ್ರಿ” ಎಂದ. ಜ್ವರ ಹೋಗಿದೆಯೇ ಎಂದು ಕೇಳಿದ್ದೆಯಲ್ಲ, ಊರಿನಿಂದ ಹೋಗಿದೆ. ನನ್ನ ತಲೆಯಿಂದ ಹೋಗುವುದು ಇನ್ನೂ ಬಾಕಿ ಇದೆ. ಇದನ್ನೆಲ್ಲ ಪಂಡಿತರಿಗೂ ಓದಿ ಹೇಳು. ಸಿಟ್ಟಾದರೆ ನನ್ನ ಮೇಲೆ ಆಗಲಿ. ಅಷ್ಟಾದರೂ ಬಂದರೆ, ಬಂಡೆ ತೋರಿಸುವವನು ಅಂಬಪ್ಪ. ಅ, ಸೋ, ಕ, ಸ ಕಲಿತಿದ್ದಾನೆ. ಅವನು ಈ ಜನ್ಮದಲ್ಲಿ ಓದಿದ ಮೊದಲ ನಾಲ್ಕು ಅಕ್ಷರ ಅವು.