ನನ್ನ ಹೆಸರಿನಲ್ಲಿ ಬಾರಿಸಿದ ಹಲಗೆ

ಸವಣೂರು ತಾಲೂಕು
ಮಾರ್ಚ್ ೧೯೮೩

ದೂರವಾಣಿ ಬಾಕಿ ವಸೂಲಿಯ ಅಧಿಕಾರಿಗಳಾದ ಮಾನ್ಯರೇ,

ನಮ್ಮ ಮನೆಯಿಂದ ಯಾರೂ ಮಾಡದ ಮುಂಬಯಿ ಟ್ರಂಕ್ ಕಾಲುಗಳ ಬಿಲ್ಲನ್ನು ನೀವು ನಮ್ಮ ತಲೆಗೆ ಕಟ್ಟಿದಿರಿ. ಅಪ್ಪ ಒಪ್ಪದಿದ್ದಾಗ ಅದನ್ನು ಭೂಕಂದಾಯದ ಬಾಕಿಯಂತೆ ವಸೂಲು ಮಾಡಲು ತಲಾಟಿಯ ಕೈಗೆ ಕೊಟ್ಟಿರಿ. ತಲಾಟಿ ಊರೆಲ್ಲ ಹಲಗೆ ಬಾರಿಸಿ ಸಾರಿಸಿದರು. ಬಾಕಿಯನ್ನಷ್ಟೇ ಸಾರಿಸಿದ್ದರೆ ಈ ಪತ್ರವನ್ನು ಅಪ್ಪನೇ ಬರೆಯುತ್ತಿದ್ದರು. ಸಾರಿಸಿದ್ದು ನನ್ನನ್ನು, ಹಾಗಾಗಿ ನಾನು ಬರೆಯುತ್ತಿದ್ದೇನೆ.

ಅಪ್ಪ ಬಸವಣ್ಣೆಪ್ಪನವರದು ಜವಳಿ ಅಂಗಡಿ. ಫೋನು ಮನೆಯ ಪಡಸಾಲೆಯಲ್ಲಿದೆ. ಓಣಿಯಲ್ಲಿ ಯಾರ ಬೀಗರು ತೀರಿಕೊಂಡರೂ ಸುದ್ದಿ ಬರುವುದು ಅದಕ್ಕೇ. ಅದು ರಿಂಗಾದರೆ ನಮ್ಮವ್ವ ಮೊದಲು ‘ಶಿವಾ’ ಎಂದು ಆಮೇಲೆ ಎತ್ತುತ್ತಾಳೆ. ಇಂಥ ಫೋನಿನಲ್ಲಿ ಪ್ರಣಯ ನಡೆದಿದೆ ಎಂದು ಕುಳಿತ ಕುರ್ಚಿಯಲ್ಲೇ ಪತ್ತೆ ಹಚ್ಚಿದ ನಿಮ್ಮನ್ನು ಪೊಲೀಸ್ ಇಲಾಖೆ ಇನ್ನೂ ಯಾಕೆ ಕರೆಸಿಕೊಂಡಿಲ್ಲವೋ ತಿಳಿಯದು.

ಅಪ್ಪ ನಿಮ್ಮ ಕಚೇರಿಗೆ ತಕರಾರು ಹೇಳಲು ಬಂದಾಗ ನೀವು ಬಿಲ್ಲು ನೋಡಲಿಲ್ಲ. “ಮನಿಯಾಗ ಹರೇದ ಮಗಳು ಅದಾಳೇನ್ರಿ?” ಎಂದಿರಿ.

“ಅದಾಳ್ರಿ. ಹಂಸಭಾವಿಗೆ ಲಗ್ನ ಗೊತ್ತಾಗೇತಿ,” ಎಂದರು ಅಪ್ಪ.

“ಮತ್ತ ನನ್ನ ಹಂತೇಕ ಯಾಕ ಬಂದೀರಿ? ಆಕೀನ್ನ ಕೇಳ್ರಿ. ರಾತ್ರಿ ರೇಟು ಕಡಿಮಿ ಅಂತ ಗೊತ್ತೈತಿ ಆಕೀಗೆ. ಶ್ಯಾಣ್ಯಾಕಿ ಅದಾಳ.”

ಗುಮಾಸ್ತರೆಲ್ಲ ನಕ್ಕರಂತೆ. ಅಲ್ಲಿಗೆ ವಿಚಾರಣೆ ಮುಗಿಯಿತು. ವಸೂಲಿ ಆದೇಶದಲ್ಲಿ ಹೀಗೆ ಬರೆದಿರಿ: “ಸದರಿ ಕರೆಗಳನ್ನು ಚಂದಾದಾರರ ಮಗಳು ರಾತ್ರಿ ವೇಳೆ ಮಾಡಿರುವುದು ವಿಚಾರಣೆಯಿಂದ ಕಂಡುಬಂದಿದೆ.” ಯಾರನ್ನು ವಿಚಾರಿಸಿದಿರಿ, ಮಾನ್ಯರೇ? ನನ್ನನ್ನಂತೂ ಅಲ್ಲ. ಮುಂಬಯಿಯ ಆ ನಂಬರಿಗೆ ಒಂದು ಫೋನು ಮಾಡಿ ‘ನೀವು ಯಾರು’ ಎಂದು ಕೇಳಬಹುದಿತ್ತು. ಇಡೀ ಜಿಲ್ಲೆಯ ತಂತಿಗಳೆಲ್ಲ ನಿಮ್ಮ ಕೈಯಲ್ಲಿರುವಾಗ ಅದಕ್ಕೂ ನಮ್ಮಪ್ಪನೇ ಬಿಲ್ಲು ಕಟ್ಟಬೇಕಿತ್ತೇ?

ನಮ್ಮ ಕಡೆ ಹಲಗೆ ಸಾರುವುದಕ್ಕೆ ಒಂದು ಕಟ್ಟಳೆ ಇದೆ. ಹುಕುಮಿನಲ್ಲಿ ಬರೆದದ್ದನ್ನೆಲ್ಲ ಸಾರಬೇಕು, ಒಂದು ಮಾತೂ ಬಿಡುವಂತಿಲ್ಲ. ಅದು ನಿಮಗೆ ಗೊತ್ತಿರಲಿಲ್ಲ ಎನ್ನಬೇಡಿ, ಈ ಕೆಲಸದಲ್ಲೇ ನಿಮ್ಮ ತಲೆ ಹಣ್ಣಾಗಿದೆ. ತಲಾಟಿ ಓದುತ್ತ ಬಂದರು, ಹಲಗೆಯ ಮೈಲಾರಪ್ಪ ಕೂಗುತ್ತ ಬಂದ. ನಮ್ಮ ಮನೆಯ ಮುಂದೆ ಅವನ ದನಿ ಇಳಿಯಿತು. “ಜೋರ ಕೂಗೋ, ಸರಕಾರದ ಹುಕುಂ ಐತಿ,” ಎಂದು ತಲಾಟಿ ಗದರಿಸಿದರು. ಅವನು ಕೂಗಿದ. ಮರುದಿನ ಬಂದು, “ನನ್ನ ಮ್ಯಾಲೆ ಸಿಟ್ಟ ಆಗಬ್ಯಾಡ್ರಿ ಅವ್ವಾರ,” ಎಂದ. ಈ ಇಡೀ ವಸೂಲಿಯಲ್ಲಿ ನನ್ನೆದುರು ತಲೆ ತಗ್ಗಿಸಿದವನು ಅವನೊಬ್ಬನೇ, ತಪ್ಪು ಅವನದಾಗಿರಲಿಲ್ಲ.

ಅದೇ ವಾರ ಹಂಸಭಾವಿಯಿಂದ ವರನ ತಾಯಿ ಸರೋಜವ್ವ ಬಂದರು. ಉಡಿ ತುಂಬಿದ್ದ ಸೀರೆಯನ್ನು ತಿರುಗಿ ಒಯ್ಯಲು. “ನೀ ಅಂಥಾಕಿ ಅಲ್ಲ ಅಂತ ನನಗ ಗೊತ್ತೈತವ್ವ,” ಎಂದರು. “ಆದ್ರ ಹಲಗಿ ಬಡಿದ ಮನಿಯಿಂದ ಸೊಸಿ ತಂದ್ರ, ನಾಳೆ ನನ್ನ ಹೆಣ್ಣಮಕ್ಕಳನ್ನ ಯಾರು ತಗೋತಾರ?” ಸೆರಗಿಗೆ ನಾನು ಆಗಲೇ ಗೊಂಡೆ ಕಟ್ಟಿದ್ದೆ. ಬಿಚ್ಚಿ ಕೊಡಲೇ ಎಂದು ಕೇಳಿದೆ. ಇರಲಿ ಬಿಡು, ಚಲೋ ಕಟ್ಟೀದಿ ಎಂದರು.

ಅವ್ವ ನನ್ನಿಂದ ಲಿಂಗ ಮುಟ್ಟಿಸಿ ಆಣೆ ಮಾಡಿಸಿದಳು. ಮಾಡಿದೆ. ಆದರೂ ಈಗ ಫೋನು ರಿಂಗಾದರೆ ‘ಶಿವಾ’ ಎನ್ನುವ ಮೊದಲು ನನ್ನ ಮುಖ ನೋಡುತ್ತಾಳೆ.

ಸತ್ಯ ನಮಗೆ ತಿಳಿದದ್ದು ನಿಮ್ಮ ಲೈನ್‌ಮನ್ ನಿಯಾಜನಿಂದ. ನಿಮ್ಮ ಕಚೇರಿಗೆ ತಪ್ಪು ಗೊತ್ತಾದ ಮೇಲೆ, ಬಾಕಿಗಾಗಿ ಕತ್ತರಿಸಿದ್ದ ಫೋನನ್ನು ಮತ್ತೆ ಜೋಡಿಸಲು ಬಂದಿದ್ದ. “ಅವು ಎಲಿ ಸಾಹುಕಾರರ ಕಾಲ್ ರೀ ಅಕ್ಕಾರ. ಎಲಿ ಪೆಂಡಿ ಮುಂಬಯಿ ಮುಟ್ಟಿದ್ವೋ ಇಲ್ಲೋ ಅಂತ ದಿನಾ ರಾತ್ರಿ ಕೇಳ್ತಾರ. ಎಕ್ಸ್‌ಚೇಂಜಿನ್ಯಾಗ ಕಾಲ್ ಚೀಟಿ ಬರಿಯೋರು ತಪ್ಪಿ ನಿಮ್ಮ ನಂಬರ್ ಹಾಕ್ಯಾರ,” ಎಂದ. ಅಂದರೆ ನನ್ನ ಮುಂಬಯಿಯ ಪ್ರಿಯಕರ ಒಂದು ಪೆಂಡಿ ವೀಳ್ಯದೆಲೆ.

ನೀವು ಬಿಲ್ಲು ರದ್ದು ಮಾಡಿದ್ದೀರಿ. ದೊಡ್ಡ ಮನಸ್ಸು. ಇದನ್ನೂ ಊರಲ್ಲಿ ಸಾರಿಸಿ ಎಂದು ಅಪ್ಪ ಕೈಮುಗಿದು ಕೇಳಿದಾಗ ನೀವು ಅಂದದ್ದು: “ಬಾಕಿ ಸಾರಾಕ ಕಾಯ್ದೆ ಐತ್ರಿ. ತಪ್ಪು ಸಾರಾಕ ಎಲ್ಲೈತಿ?” ಅಪ್ಪ ಸ್ವಂತಕ್ಕೆ ಸಾರಿಸಲು ಹೋದರೆ ಮೈಲಾರಪ್ಪ, “ಹುಕುಂ ಇಲ್ದ ಸಾರಿದ್ರ ಯಾರ್ ನಂಬ್ತಾರ್ರಿ ಧಣಿ?” ಎಂದ. ಅವನ ಮಾತು ಸರಿ. ಈ ಊರು ನನ್ನ ಆಣೆಯನ್ನು ನಂಬುವುದಿಲ್ಲ, ನಿಮ್ಮ ಮೊಹರನ್ನು ನಂಬುತ್ತದೆ.

ಈಗ ಶಿಗ್ಗಾಂವಿಯಿಂದ ಒಂದು ಸಂಬಂಧ ಬಂದಿದೆ. ಹೆಂಡತಿ ಸತ್ತವರು. ಅವರ ಹಿರಿಯ ಮಗಳು ಹೈಸ್ಕೂಲಿನಲ್ಲಿ ನನಗಿಂತ ಒಂದೇ ವರ್ಷ ಕೆಳಗಿದ್ದಳು. ಹಲಗೆಯ ವಿಷಯ ಗೊತ್ತಿದ್ದೂ ದೊಡ್ಡ ಮನಸ್ಸು ಮಾಡಿ ಒಪ್ಪಿದ್ದಾರಂತೆ. ಈ ವರ್ಷ ದೊಡ್ಡ ಮನಸ್ಸಿನವರಿಗೆ ನಮ್ಮ ಕಡೆ ಬರವಿಲ್ಲ. ಅಮಾವಾಸ್ಯೆ ಕಳೆದ ಮೇಲೆ ಮಾತು ಗಟ್ಟಿ ಮಾಡಿ ಸಕ್ಕರೆ ಹಂಚಲು ಬರುತ್ತಾರೆ. ನನಗೆ ಈ ಮದುವೆ ಬೇಡ. ಆದರೆ ಬೇಡ ಎನ್ನಲು ಹಲಗೆ ಬಡಿದ ಮನೆಯ ಹುಡುಗಿಗೆ ಬಾಯಿಯಿಲ್ಲ.

ಆದ್ದರಿಂದ ನನ್ನ ಬೇಡಿಕೆ ಇಷ್ಟೇ. ಅಮಾವಾಸ್ಯೆಯ ಒಳಗೆ ನಿಮ್ಮ ಮೊಹರಿನ ಹುಕುಮಿನ ಮೇಲೆ, ಅದೇ ಓಣಿಗಳಲ್ಲಿ, ‘ಈ ಹುಡುಗಿ ಫೋನು ಮಾಡಿಲ್ಲ, ನಾವು ಸುಳ್ಳು ಬರೆದೆವು’ ಎಂದು ಸಾರಿಸಬೇಕು. ಕಾಯ್ದೆ ಇಲ್ಲದಿದ್ದರೆ ನೀವೇ ಬಂದು ಕೂಗಬಹುದು.

ಸಾರಿಸದಿದ್ದರೆ? ರಾತ್ರಿ ಯಾರ ಜೊತೆ ಮಾತಾಡುತ್ತಿದ್ದೆ ಎಂದು ಊರು ನನ್ನನ್ನು ಇನ್ನೂ ಕೇಳುತ್ತಲೇ ಇದೆ. ಈವರೆಗೆ ಸುಮ್ಮನಿದ್ದೇನೆ. ಶಿಗ್ಗಾಂವಿಯವರು ಸಕ್ಕರೆ ತಂದ ದಿನ, ನೆರೆದ ಹಿರಿಯರೆದುರು ಹೇಳಿಬಿಡುತ್ತೇನೆ: ವಸೂಲಿ ಅಧಿಕಾರಿಗಳ ಜೊತೆ ಎಂದು. ಮಾತು ಹಳಸಿದ ಮೇಲೆ ನನ್ನ ಮೇಲೆ ಬಿಲ್ಲು ಹಾಕಿದರು ಎಂದೂ ಹೇಳುತ್ತೇನೆ. ಹಸಿ ಸುಳ್ಳು. ಆದರೆ ಊರಿಗೆ ನಿಮ್ಮ ಆದೇಶಕ್ಕಿಂತ ಇದೇ ಹೆಚ್ಚು ರುಚಿಸುತ್ತದೆ. ಆಡದ ಮಾತನ್ನು ಆಡಿಲ್ಲವೆಂದು ಹೇಗೆ ತೋರಿಸುವುದು ಎಂಬುದನ್ನು ಆಗ ನೀವು ನನಗೆ ಕಲಿಸಬಹುದು. ನಿಮ್ಮ ಮನೆಯವರು ಒಳ್ಳೆಯ ಹೆಣ್ಣುಮಗಳು ಎಂದು ಕೇಳಿದ್ದೇನೆ, ನಿಮ್ಮನ್ನು ನಂಬಿದರೂ ನಂಬಬಹುದು. ನಮ್ಮವ್ವನೂ ಒಳ್ಳೆಯವಳೇ.

ಇಂತಿ,
ನೀವು ನೋಡದೆಯೇ ಚೆನ್ನಾಗಿ ಬಲ್ಲ,
ಬಸವಣ್ಣೆಪ್ಪನವರ ಮಗಳು
ಸುಶೀಲಾ