ಐನೂರಕ್ಕೆ ಒಬ್ಬ ಕಮ್ಮಿ

ತಾರೀಖು ಒಂಬತ್ತು, ಸೋಮವಾರ

ಚಿರಂಜೀವಿ ತಮ್ಮನಿಗೆ ಅಕ್ಕನ ಆಶೀರ್ವಾದ.

ಚಿರಂಜೀವಿ ಎಂದು ಈ ಸಲ ರೂಢಿಗೆ ಬರೆದದ್ದಲ್ಲ, ಬೇಕೆಂದೇ ಬರೆದದ್ದು. ಯಾಕೆ ಅಂತ ಮುಂದೆ ತಿಳಿಯುತ್ತದೆ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳ ಕೈಯಲ್ಲಿ ಕಾಗದ ಬರೆಸುತ್ತಿದ್ದೀಯಲ್ಲ, ನಿನಗೆ ಒಳ್ಳೆಯದಾಗಲಿ. ಫೋನು ಎತ್ತಿದ್ದರೆ ಎರಡು ಮಾತಿನಲ್ಲಿ ಮುಗಿಯುತ್ತಿತ್ತು. ಒಂದೊಂದು ಒತ್ತಕ್ಷರಕ್ಕೂ ಎಡವುತ್ತಿದ್ದೇನೆ, ತಪ್ಪಿದ್ದರೆ ನೀನೇ ತಿದ್ದಿಕೊಂಡು ಓದು.

ವಿಷಯ ಬಸ್ಸಿನದು. ನಗಬೇಡ. ಐನೂರು ಜನ ಇರುವ ಊರಿಗೆಲ್ಲ ಬೆಳಗ್ಗೆ ಒಂದು, ಸಂಜೆ ಒಂದು ಬಸ್ಸು ಬಿಡುತ್ತಾರಂತೆ. ತಲೆ ಎಣಿಸಲು ಶಾಲೆಯ ಮೇಷ್ಟ್ರನ್ನು ಮನೆಮನೆಗೆ ಕಳಿಸಿದ್ದರು. ದುಡಿಯಲು ಹೊರಗೆ ಹೋಗಿ ಬಂದು ಮಾಡುವವರೂ ಲೆಕ್ಕಕ್ಕೆ ಸೇರುತ್ತಾರೆ. ಎಲ್ಲ ಎಣಿಸಿ ನಾನೂರ ತೊಂಬತ್ತೊಂಬತ್ತಕ್ಕೆ ನಿಂತಿತು. ಕಮ್ಮಿ ಬಿದ್ದ ಆ ಒಬ್ಬ ನೀನು.

ಆದದ್ದು ಇಷ್ಟೇ. ಮೇಷ್ಟ್ರು ಬಂದಾಗ ನಾನು ಅಂಗಿಗೆ ತೋಳು ಕೂಡಿಸುತ್ತಿದ್ದೆ. ಹಳೆಯ ಪಟ್ಟಿ ನೋಡಿ, "ನಿಮ್ಮ ತಮ್ಮ?" ಎಂದರು. "ಇಲ್ಲ" ಎಂದೆ. ಮನೆಯಲ್ಲಿ ಇಲ್ಲ ಎನ್ನುವುದಕ್ಕೂ ಅದೇ ಮಾತು, ಲೋಕದಲ್ಲೇ ಇಲ್ಲ ಎನ್ನುವುದಕ್ಕೂ ಅದೇ ಮಾತು. ಆ ಮನುಷ್ಯ ಎರಡನೆಯದನ್ನು ಹಿಡಿದುಕೊಂಡು ನಿನ್ನ ಹೆಸರಿನ ಮುಂದೆ ಮೃತ ಎಂದು ಬರೆದ. ಮಕ್ಕಳಿಗೆ ಕನ್ನಡ ಕಲಿಸುವುದು ಬೇರೆ ಇವನೇ.

ಪಟ್ಟಿಯನ್ನು ಪಂಚಾಯಿತಿ ಕಚೇರಿ ಗೋಡೆಗೆ ಅಂಟಿಸಿದ ದಿನ ಊರೇ ನನ್ನ ಬಾಗಿಲಿಗೆ ಬಂತು. ಪಕ್ಕದ ಮನೆ ಬಡಗಿಯ ಹೆಂಡತಿ ಮತ್ತೆ ತುಂಬಿದ ಬಸುರಿ. ಹಿಂದಿನ ಸಲ ನೋವು ಬಂದಾಗ ಅವಳನ್ನು ಕುರ್ಚಿಯ ಮೇಲೆ ಕೂರಿಸಿ ದೊಡ್ಡ ರಸ್ತೆಯವರೆಗೆ ನಾಲ್ಕು ಮೈಲಿ ಹೊತ್ತಿರಲ್ಲ, ಕುರ್ಚಿಯ ಮುಂಗಾಲು ಹಿಡಿದವನು ನೀನೇ. ಬಡಗಿ ಬೈಯಲಿಲ್ಲ. "ಅಕ್ಕ, ನಿಮ್ಮಿಬ್ಬರ ಜಗಳಕ್ಕೆ ನನ್ನ ಹೆಂಡ್ತಿ ಯಾಕೆ ನಡೀಬೇಕು?" ಅಂತ ಮಾತ್ರ ಕೇಳಿದ.

ಅವಳ ಹೊಟ್ಟೆಯಲ್ಲಿರುವುದು ಹುಟ್ಟಿದರೆ ಐನೂರಾಗುತ್ತದಲ್ಲ ಎಂದು ಸೂಲಗಿತ್ತಿಯನ್ನೂ ಕೇಳಿ ನೋಡಿದೆ. ಮುಂದಿನ ತಿಂಗಳವರೆಗೆ ಅದು ಹೊರಗೆ ಬರುವುದಿಲ್ಲವಂತೆ. ಪಟ್ಟಿ ತಿದ್ದುವುದು ಈ ಇಪ್ಪತ್ತೈದರವರೆಗೆ ಮಾತ್ರ. ಕಚೇರಿಗೆ ಹೋಗಿ, ಅವನು ಬದುಕಿದ್ದಾನೆ, ನನ್ನ ಮೇಲೆ ಕೂಗಾಡುವಷ್ಟು ಗಟ್ಟಿಯಾಗಿದ್ದಾನೆ ಎಂದೆ. ಇಲ್ಲ ಎಂದು ಬರೆಸಿದವಳ ಮಾತು ನಡೆಯುವುದಿಲ್ಲವಂತೆ. ಸತ್ತವನೇ ಬಂದು ಎದುರಿಗೆ ನಿಂತು ಸಹಿ ಹಾಕಬೇಕಂತೆ.

ಜಗಳವನ್ನು ನಾನೇನೂ ಮರೆತಿಲ್ಲ. ಕಾಲಲ್ಲಿ ತುಳಿಯುವ ನನ್ನ ಹೊಲಿಗೆ ಯಂತ್ರಕ್ಕೆ ನೀನು ನನ್ನನ್ನು ಕೇಳದೆ ಮೋಟಾರು ಕೂಡಿಸಿದೆ. ಸೂಜಿ ಬೆರಳಿಗೆ ಇಳಿಯಿತು. ನನ್ನನ್ನು ಕೊಲ್ಲಲು ಬಂದವನು ಎಂದು ಬೀದಿಗೆ ಕೇಳುವ ಹಾಗೆ ಬೈದೆ. ನೀನು ಚೀಲ ಎತ್ತಿಕೊಂಡು ಹೊಸ್ತಿಲಲ್ಲಿ ನಿಂತು, "ಈ ಊರಿಗೆ ಬಸ್ಸು ಬರೋದೂ ಒಂದೇ, ನೀನು ತಪ್ಪು ಒಪ್ಪಿಕೊಳ್ಳೋದೂ ಒಂದೇ. ಎರಡೂ ಆಗೋದಲ್ಲ" ಎಂದೆ. ಹನ್ನೊಂದು ತಿಂಗಳಾಯಿತು. ಮೋಟಾರು ಇನ್ನೂ ಅಲ್ಲೇ ಇದೆ. ಬಿಚ್ಚಲು ನನಗೆ ಬರಲಿಲ್ಲ, ಅಷ್ಟೇ.

ನೀನು ಬರುತ್ತೀಯ. ಬಡಗಿಗೂ ಹಾಗೇ ಹೇಳಿ ಕಳಿಸಿದ್ದೇನೆ. ಊರೂರಿಗೆ ಲಾರಿ ಓಡಿಸುವವನು ನಿನ್ನ ಊರಿಗೆ ಬರುವ ಒಂದು ಬಸ್ಸಿಗೆ ಅಡ್ಡ ನಿಲ್ಲುವುದಿಲ್ಲ. ಐದನೇ ಕ್ಲಾಸು ಅದೇ ನಾಲ್ಕು ಮೈಲಿ ಆಚೆ ಇದ್ದದ್ದಕ್ಕೆ ನನ್ನನ್ನು ಶಾಲೆ ಬಿಡಿಸಿದರು. ನಿನ್ನನ್ನು ಬಿಡಿಸಲಿಲ್ಲ, ಯಾಕೆಂದರೆ ಕೈಹಿಡಿದು ಕರೆದುಕೊಂಡು ಹೋಗಲು ನಾನಿದ್ದೆ. ಅದನ್ನು ಋಣ ಎಂದು ಹೇಳುತ್ತಿಲ್ಲ. ನಾಲ್ಕು ಮೈಲಿ ಎಂದರೆ ಎಷ್ಟು ಅಂತ ನಿನಗೆ ಗೊತ್ತು ಎಂದಷ್ಟೇ ಹೇಳುತ್ತಿದ್ದೇನೆ.

ನಿನ್ನ ಅಕ್ಕ

ಮರೆತ ಮಾತು: ಮೇಷ್ಟ್ರನ್ನು ಬೈದದ್ದನ್ನು ಈಗ ಹೊಡೆದು ಹಾಕಿದರೆ ಕಾಗದ ಗಲೀಜಾಗುತ್ತದೆ, ಇರಲಿ. ಬರೆಯುವ ಮೊದಲು ಅವರು "ತೀರಿಕೊಂಡ್ರಾ?" ಎಂದು ಕೇಳಿದ್ದರು. ನನಗೆ ಕೇಳಿಸಿತ್ತು. ಮೋಟಾರಿನ ಪೆಡಲಿನ ಮೇಲೆ ಕಾಲಿಟ್ಟು ಸರ್ರನೆ ಇಡೀ ತೋಳು ಹೊಲಿದೆ, ಬಾಯಿ ಬಿಡಲಿಲ್ಲ. ತಪ್ಪು ನನ್ನದು. ಆಗೋದಲ್ಲ ಎಂದೆಯಲ್ಲ, ಆ ಎರಡರಲ್ಲಿ ಒಂದು ಆಯಿತು. ಇನ್ನೊಂದು ನಿನ್ನ ಕೈಯಲ್ಲಿದೆ. ಯಾವ ದಿನ ಬರುತ್ತೀಯ ಎಂದು ಹದಿನೆಂಟರೊಳಗೆ ಉತ್ತರ ಬರಬೇಕು.