ಬೆಳಕು ನೋಡಲು ಕೂತವಳು

ಸ್ಟುಡಿಯೋದ ಹಿಂದಿನ ಕೋಣೆಯಿಂದ,
ಮಾರ್ಚ್ ೧೨, ಮಂಗಳವಾರ

ಪ್ರೀತಿಯ ಗಂಟುಮೋರೆ,

ಹೇಗಿದ್ದೀಯೇ? ಕೆಮ್ಮು ಹೋಯಿತೇ? ಅಳಿಯಂದಿರು ಕ್ಷೇಮವೇ? ಇಲ್ಲಿ ನನ್ನ ಮೊಣಕಾಲು ಬಗ್ಗುವುದಿಲ್ಲ, ನಿಮ್ಮಮ್ಮನಂತೂ ಯಾರಿಗೂ ಬಗ್ಗಿದವಳಲ್ಲ. ಒಟ್ಟಿನಲ್ಲಿ ಇಬ್ಬರೂ ನೆಟ್ಟಗಿದ್ದೇವೆ.

ಗಡಿ ತೆರೆದ ಸುದ್ದಿ ನಿನಗೂ ಮುಟ್ಟಿರಬೇಕು. ಹನ್ನೊಂದು ವರ್ಷ ಬರೀ ಕಾಗದ ದಾಟುತ್ತಿದ್ದ ಗೇಟು, ಇನ್ನು ಮನುಷ್ಯರೂ ದಾಟಬಹುದು. ರೇಡಿಯೋದವನು ಇದನ್ನು ಚರಿತ್ರೆ ಎಂದ. ನಮ್ಮ ಅಂಗಡಿಗೆ ಚರಿತ್ರೆ ಎಂದರೆ ಬಾಗಿಲ ಮುಂದಿನ ಸಾಲು. ರಾಜ ಹೋದಾಗ ಎಲ್ಲರಿಗೂ ಹೊಸ ಗುರುತಿನ ಚೀಟಿ, ಸೈನ್ಯ ಬಂದಾಗ ಮತ್ತೊಂದು, ಸೈನ್ಯ ಹೋದಾಗ ಇನ್ನೊಂದು. ಸರ್ಕಾರ ಬದಲಾದರೆ ಜನರ ಮೂಗೂ ಬದಲಾಗುತ್ತದೆಂದು ಅಧಿಕಾರಿಗಳ ಗುಮಾನಿ. ಪ್ರತಿ ಸಲವೂ ಸಾಲನ್ನು ಒಳಬಿಡುವ ಮುಂಚೆ ನಾನು ಬೆಳಕು ನೋಡಲೆಂದು ನಿಮ್ಮಮ್ಮ ಸೌಟು ಹಿಡಿದೇ ಬಂದು ಸ್ಟೂಲಿನ ಮೇಲೆ ಕೂರುತ್ತಿದ್ದಳು. "ಬೇಗ ಒತ್ರೀ, ಒಲೆ ಮೇಲೆ ಹಾಲಿದೆ!"

ಮೊನ್ನೆ ಆ ಫೋಟೋಗಳನ್ನೆಲ್ಲ ಹುಡುಕಿ ತೆಗೆದೆ. ರಾಜ ಓಡಿಹೋದ ವಾರದ್ದರಲ್ಲಿ ಹೊಟ್ಟೆಯಲ್ಲಿ ನೀನು. ಕಾಣುವುದಿಲ್ಲ, ನನಗೆ ಗೊತ್ತು. ಸೈನ್ಯ ಬಂದಾಗ ಅವಳ ಭುಜದ ಮೇಲೆ ನೀನು, ಆಗಲೇ ಮೋರೆ ಗಂಟಿಕ್ಕಿಕೊಂಡು. ನೀನು ಮದುವೆಯಾಗಿ ಆಚೆ ಹೋದ ಮರುವರ್ಷ ಗಡಿ ಮುಚ್ಚಿದರಲ್ಲ, ಅದರಲ್ಲಿ ಅವಳೊಬ್ಬಳೇ. ಯಾವುದರಲ್ಲೂ ನಗುವಿಲ್ಲ.

ಈಗ ನಿನ್ನಲ್ಲಿಗೆ ಬರಲು ಪರವಾನಗಿ ಬೇಕು, ಪರವಾನಗಿಗೆ ಫೋಟೋ. ಎರಡು ಕಿವಿ ಕಾಣಬೇಕು, ಹಲ್ಲು ಕಾಣಬಾರದು. ನನ್ನದು ಮೊದಲ ಸಲಕ್ಕೇ ಪಾಸಾಯಿತು; ಗಂಟುಮೋರೆ ನಮ್ಮ ವಂಶದ ಆಸ್ತಿಯಲ್ಲವೇ! ಆದರೆ ಇಷ್ಟು ವರ್ಷ ಕ್ಯಾಮೆರಾಕ್ಕೆ ಒಂದು ಹಲ್ಲೂ ತೋರಿಸದ ನಿಮ್ಮಮ್ಮ ಈಗ ಸ್ಟೂಲಿನ ಮೇಲೆ ಕೂತರೆ ಉಳಿದ ಹತ್ತೊಂಬತ್ತನ್ನೂ ಬಿಡುತ್ತಾಳೆ. "ಬಾಯಿ ಮುಚ್ಚೇ" ಎಂದರೆ, "ಮುಚ್ಕೊಂಡೇ ಇದೀನಲ್ರೀ, ಮಗಳ ನೆನಪಾದ್ರೆ ತಾನಾಗೇ ತೆರ್ಕೊಳ್ಳುತ್ತೆ" ಎನ್ನುತ್ತಾಳೆ. ಕಚೇರಿಯ ಗುಮಾಸ್ತ ಮೂರು ಸಲ ವಾಪಸು ಕಳಿಸಿದ. "ಏನಜ್ಜಾ, ಫೋಟೋ ತೆಗೆಯೋಕೆ ಬರಲ್ವಾ?" ಎಂದ. ಯಾರಿಗೆ? ಇಡೀ ಊರಿಗೇ ಸಪ್ಪೆ ಮುಖ ಹಾಕಿಸಿದವನಿಗೆ!

ಅಳಿಯಂದಿರಿಗೆ ನನ್ನ ನೆನಪು ಹೇಳು. ನಿಮ್ಮಮ್ಮನ ಆಶೀರ್ವಾದ ಹತ್ತೊಂಬತ್ತು ಹಲ್ಲಿನ ಸಮೇತ.

ನಿನ್ನ,
ಹಿರಿಯ ಗಂಟುಮೋರೆ
(ಅಪ್ಪ)

ಮರೆತಿದ್ದೆ: ಎರಡೂ ಕಡೆ ಅರ್ಜಿ ತೆಗೆದುಕೊಳ್ಳುವುದು ಈ ತಿಂಗಳ ಕೊನೆಯವರೆಗೆ ಮಾತ್ರವಂತೆ. ಬೆಳಿಗ್ಗೆ ಅವಳ ನಗು ಅಡಗಲೆಂದು, "ಮಗಳು ಬರಬೇಡಿ ಅಂತ ಬರೆದಿದಾಳೆ" ಎಂದುಬಿಟ್ಟೆ. ಅಡಗಿತು. ನಿಯಮಕ್ಕೆ ತಕ್ಕ ಮುಖ, ಬೆಳಕೂ ಸರಿಯಿತ್ತು. ಬೆರಳು ಒತ್ತಲಿಲ್ಲ. ಸುಳ್ಳು ಕಣೇ ಎಂದು ಅವಳ ಪಕ್ಕಕ್ಕೆ ಹೋಗಿ ನಿಂತೆ. ಇನ್ನು ಅವಳ ಮುಖ ಕೆಡಿಸಲು ನನ್ನಿಂದಾಗದು. ನಿನ್ನದಾದರೋ ನನ್ನ ಮೋರೆ, ಒಂದೇ ಸಲಕ್ಕೆ ಪಾಸಾಗುತ್ತದೆ. ನೀನೇ ಬಂದುಬಿಡೇ. ಸ್ಟೂಲಿನ ಪಕ್ಕ ಇನ್ನೊಂದು ಕುರ್ಚಿ ಹಾಕಿ ಬೆಳಕು ನೋಡಿಟ್ಟಿದ್ದೇನೆ.